ಪಡಸಾಲೆಯ ಫರಸಿ

ಗಾರೆ ಕೆಲಸದ ಹುಲೆಪ್ಪ ಗೌಂಡಿ ಹಾರೆಯಿಂದ ಪಡಸಾಲೆಯ ಹೊಸ ಫರಸಿ ಕಲ್ಲಿನ ನೆಲವನ್ನು ಮತ್ತೊಮ್ಮೆ ಕುಟ್ಟಿದ. ಖಾಲಿ ಕೊಡ ಬಡಿದಂಥ ಸದ್ದು ಬಂತು. ಮನೆ ಕೊಳ್ಳಬೇಕೆಂದು ಅವನನ್ನು ಕರೆತಂದಿದ್ದ ಖಜೂರಿಯ ಶಾಂತಲಿಂಗಪ್ಪ ಮೆಲ್ಲಗೆ ಹೊಸ್ತಿಲಾಚೆ ಸರಿದು ನಿಂತ.

"ಕೆಳಗ ಜ್ವಾಳ ತುಂಬಿಡೂ ಹಳೇ ಹಗೇವಿನ ಕುಣಿ ಅದ್ರಿ. ಮಣ್ಣ ತುಂಬದೇ ಮ್ಯಾಲೇ ಗ್ವಾಡಿ ಎಬ್ಬಿಸ್ಯಾರ. ಮನಿ ಈ ಮಳಿಗಾಲ ದಾಟೂದಿಲ್ರಿ," ಎಂದ ಹುಲೆಪ್ಪ.

ಮನೆ ಮಾರಲು ನಿಂತಿದ್ದ ಜಗದೇವಪ್ಪ ಬಗ್ಗಿ ಫರಸಿಯನ್ನು ತಾನೇ ಬಡಿದು ನೋಡಿದ. ಆಳಂದದಲ್ಲಿ ಹಳೆಯ ಮನೆ ಹಿಡಿದು, ದುರಸ್ತಿ ಮಾಡಿ ಮಾರುವುದೇ ಅವನ ದಂಧೆ. ಎರಡು ಮನೆಗಳು ಕೈಹಿಡಿದ ಹುರುಪಿನಲ್ಲಿ, ತಾವಿದ್ದ ಮನೆಯನ್ನೇ ಮಾರಿ ಇದನ್ನು ಕೊಂಡಿದ್ದ. ಮೊದಲು ಗೌಂಡಿಗೆ ತೋರಿಸೋಣವೆಂದು ಹೆಂಡತಿ ಗುರುಶಾಂತಮ್ಮ ಅಂದಾಗ, "ನನಗಿಂತ ಅಂವಗೇನ್ ಹೆಚ್ಚು ತಿಳಿತದ ಬೇ?" ಎಂದು ನಕ್ಕಿದ್ದ. ಗೋಡೆಯ ಬಿರುಕನ್ನು ತಾನೇ ನಿಂತು ಮೆತ್ತಿಸಿ, ಸುಣ್ಣ ಹೊಡೆಸಿದ್ದ.

"ಹಗೇವು ಅದ ಅಂತ ನಿನಗ ಹ್ಯಾಂಗ ಗೊತ್ತಲೇ?" ಎಂದು ಈಗ ಹುಲೆಪ್ಪನನ್ನು ಕೇಳಿದ.

"ತೋಡಿದಾಂವ ನಮ್ಮಪ್ಪರಿ," ಹುಲೆಪ್ಪ ತಲೆ ತಗ್ಗಿಸಿದ. "ನಾ ಇಲ್ಲೇ ಹಿಂದಿನ ಓಣ್ಯಾಗ ಇರ್ತೇನ್ರಿ. ಒಂದ ಮಾತ ಕೇಳಿದ್ರ ಹೇಳ್ತಿದ್ದೆ."

ಶಾಂತಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೋಗಿಯೇಬಿಟ್ಟ. ಗುರುಶಾಂತಮ್ಮ ಫರಸಿಯ ಮೇಲೆ ಅಂಬೆಗಾಲಿಡುತ್ತಿದ್ದ ಕೂಸನ್ನು ಬಾಚಿ ಎತ್ತಿಕೊಂಡು ಬೀದಿಗಿಳಿದಳು. ಜಗದೇವಪ್ಪ ನೋಡುತ್ತಲೇ ಇದ್ದ. ನಾಲ್ಕು ಹೆಜ್ಜೆ ನಡೆದವಳು, ತಾವು ಮಾರಿದ ಮನೆಯ ದಾರಿ ಹಿಡಿದದ್ದು ಅರಿವಾಗಿ, ಅಲ್ಲೇ ನಿಂತುಬಿಟ್ಟಳು.