ಬಲಗೈಯ ಕೆಲಸ

ಯಂತ್ರದ ದೋಷದಿಂದ ಯಾರದಾದರೂ ಕೈ ಹೋದರೆ, ಆ ಯಂತ್ರ ತಯಾರಿಸಿದವರೇ ಬಂದು ಆ ಕೈಯ ಕೆಲಸ ಮಾಡಬೇಕೆಂಬುದು ಕಾನೂನು. ಹಿಟ್ಟಿನ ಗಿರಣಿಯ ಶಿವಾನಂದನ ಬಲಗೈ ಬೆಲ್ಟಿಗೆ ಸಿಕ್ಕಿ ಹೋದ ಮೇಲೆ, ಆ ಯಂತ್ರ ತಯಾರಿಸಿದ ವಸುಂಧರಾ ದಿನವೂ ಬಂದು ಅವನಿಗೆ ಉಣಿಸುತ್ತಿದ್ದಳು.

"ಖಾರ ಆತೇನ್ರಿ?" ಎಂದು ಅವಳು ಕೇಳಿದರೆ ಸಾಕು, ಶಿವಾನಂದ ನಗುತ್ತಿದ್ದ. ಹದಿನೆಂಟು ವರ್ಷ ಬಡಿಸಿದ ಹೆಂಡತಿ ನೀಲವ್ವ ಆ ನಗುವನ್ನು ಕಂಡಿರಲಿಲ್ಲ.

ತಿಂಗಳೊಪ್ಪತ್ತು ಹೊಟ್ಟೆ ಉರಿಸಿಕೊಂಡವಳು ಕೊನೆಗೆ ನ್ಯಾಯಾಲಯಕ್ಕೆ ಹೋಗಿ, ಇಷ್ಟು ದಿನ ಅಂಜಿ ಮುಚ್ಚಿಟ್ಟಿದ್ದ ನಿಜ ಹೇಳಿದಳು. "ಯಂತ್ರದಾಗ ದೋಷ ಇರಲಿಲ್ರಿ. ಬೆಲ್ಟಿನ ಮುಚ್ಚಳ ಒರಸಾಕ ತಗದಾಕಿ ನಾನ. ತಿರುಗಿ ಹಾಕಾಕ ಮರತೆ."

"ಹಾಗಾದರೆ ಅಜಾಗರೂಕತೆ ನಿಮ್ಮದು," ಎಂದರು ನ್ಯಾಯಾಧೀಶರು. "ನಾಳೆಯಿಂದ ಅವರ ಕೈ ನೀವೇ."

ಮರುದಿನ ನೀಲವ್ವ ರೊಟ್ಟಿ ಮುರಿದು ತುತ್ತು ಹಿಡಿದಳು. ಶಿವಾನಂದ ಬಾಯಿ ತೆರೆಯಲಿಲ್ಲ.