ಡ್ರಮ್ಮು ನಿಲ್ಲುವವರೆಗೆ

ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ಹಿಮಾಯತ್‌ನಗರದ ನಮ್ಮ ಮನೆಯ ವಿಸಿಆರ್ ನೆನಪಾಗುತ್ತದೆ. ಆ ಮಧ್ಯಾಹ್ನ ಕಾಕಾ ಯಾವುದೋ ವಿದೇಶಿ ರಾಕ್ ಬ್ಯಾಂಡಿನ ಲೈವ್ ಕಾರ್ಯಕ್ರಮದ ಕ್ಯಾಸೆಟ್ ಬಾಡಿಗೆಗೆ ತಂದಿದ್ದ. ಐದು ಗಂಟೆಗೆ ಅಂಗಡಿಗೆ ಮರಳಿಸಬೇಕಿತ್ತು. ಅವನಿಗೆ ಬೇಕಾದ ಹಾಡು ಕೊನೆಯಲ್ಲಿತ್ತು. ಡ್ರಮ್ಮಿನವನು ಒಬ್ಬನೇ ಬಾರಿಸತೊಡಗಿದಾಗ ಕಾಕಾ ಟೇಪು ಮುಂದಕ್ಕೆ ಓಡಿಸಲು ಎದ್ದ. ಹಿಂದೂಸ್ತಾನಿ ಸಂಗೀತದ ಬೈಠಕ್ ಬಿಟ್ಟು ಬೇರೇನೂ ಕೇಳದ ಅಜ್ಜ ಕೈಯೆತ್ತಿ ತಡೆದರು.

"ಅಂವಾ ಬಾರಸಾಕತ್ತಾನ. ನಡುವ ಏಳಬಾರದು, ಕೂಡು."

"ಅಪ್ಪಾ, ಇದು ಟೇಪ್ ಐತ್ರಿ."

"ಅವನ ಬೆವರು ಖರೇ ಐತಿಲ್ಲ?"

ಕಾಕಾನ ಹಾಡು ಬರುವ ಮೊದಲೇ ಐದಾಯಿತು. ಅವನು ಕ್ಯಾಸೆಟ್ ತೆಗೆದ. ಅಜ್ಜ ಗೂಟದಿಂದ ಕರಿ ಟೊಪ್ಪಿಗೆ ತೆಗೆದು ಹಾಕಿಕೊಂಡರು.

"ನಡಿ, ನಾನೂ ಬರ್ತೀನಿ. ಇನ್ನೊಂದು ದಿನ ಇಟ್ಕೋತೀವಿ ಅಂತ ಅಂಗಡಿಯವಗ ನಾನ ಹೇಳ್ತೀನಿ."