ಗೋಡೆ ಕಡೆಯ ಮಗ್ಗಲು

ಪ್ರವಾಸಿ ಮಧುಕುಮಾರನ ಹೆಬ್ಬೆರಳ ಉಗುರು ಕಂಬದ ಸುತ್ತ ನುಣ್ಣಗೆ ಜಾರುತ್ತಾ ಹೋಗಿ, ಗೋಡೆ ಕಡೆಯ ಮಗ್ಗಲಿನಲ್ಲಿ ಏನಕ್ಕೋ ತಗುಲಿ ನಿಂತಿತು. ಹಳೇಬೀಡಿನ ಆ ಬಸದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗೈಡ್ ಆಗಿರುವ ಧರಣೇಶ್, “ಕಲ್ಲನ್ನ ತಿರುಗಿಸಿ ತಿರುಗಿಸಿ ಕಡೆದ ಕಂಬ ಇದು, ಹುಡುಕಿದರೂ ಒಂದು ತಪ್ಪು ಸಿಗೋದಿಲ್ಲ” ಎಂದು ಆಗಷ್ಟೇ ಹೇಳಿ ಮುಗಿಸಿದ್ದರು.

“ಇಲ್ಲೊಂದೈತೆ ಸಾರ್,” ಎಂದ ಮಧುಕುಮಾರ. “ಅರಸೀಕೆರೇಲಿ ನಂದು ಲೇತ್ ಶಾಪು. ಕಬ್ಬಿಣ ತಿರುಗ್ತಿರುವಾಗ ಟೂಲು ಒಂಚೂರು ಜಾಸ್ತಿ ಕಚ್ಚಿಬಿಟ್ರೆ ಹಿಂಗೇ ಆಗೋದು.”

ಧರಣೇಶರ ಮುಖ ಬಿಗಿಯಿತು. “ಎಂಟುನೂರು ವರ್ಷದ ಕಂಬ ಕಣ್ರೀ. ಆಮೇಲೆ ಯಾರೋ ಗೀಚಿರ್ತಾರೆ.”

“ಗೀಚಿದ್ರೆ ಅಡ್ಡಾದಿಡ್ಡಿ ಇರ್ತಿತ್ತು. ಇದು ಒಡೆದ ಬಳೆ ಚೂರಿನ ಥರ ಸುತ್ತಿನ ಜೊತೇಲೇ ಒಂಚೂರು ದೂರ ಹೋಗಿ ನಿಂತೈತೆ. ಕಂಬ ತಿರುಗಿಸ್ತಿರುವಾಗಲೇ ಅವನ ಕೈ ತಪ್ಪೈತೆ.” ಮಧುಕುಮಾರ ಉಗುರು ತೆಗೆಯದೆಯೇ ನಕ್ಕ. “ಅದಕ್ಕೇ ಪುಣ್ಯಾತ್ಮ ಈ ಮಗ್ಗಲನ್ನ ಗೋಡೆ ಕಡೆಗೆ ಮಾಡಿ ನಿಲ್ಸವ್ನೆ. ನಾನೂ ಹಂಗೇ ಮಾಡೋದು ಸಾರ್, ಗಿರಾಕಿಗೆ ಕಾಣದ ಕಡೆ.”

ಧರಣೇಶ್ ಅನುಮಾನದಿಂದಲೇ ಕಂಬದ ಹಿಂದೆ ಕೈ ತೂರಿಸಿದರು. ಬೆರಳು ಆ ಸಣ್ಣ ತಗ್ಗನ್ನು ಕಂಡುಕೊಂಡಿತು. ಆಚೆ ಹೋಗಿ ಮತ್ತೆ ಅಲ್ಲಿಗೇ ಬಂತು. ಇಷ್ಟು ವರ್ಷ ಅವರು ರಾಜರ ಹೆಸರುಗಳನ್ನೆಲ್ಲ ಒಪ್ಪಿಸಿದ್ದರು. ಬೆವರಿ, ನಾಲಗೆ ಕಚ್ಚಿಕೊಂಡು, ಅತ್ತಿತ್ತ ನೋಡಿದ ಒಬ್ಬನನ್ನು ಮಾತ್ರ ನೆನೆದಿರಲಿಲ್ಲ.

ಅಷ್ಟರಲ್ಲಿ ಮುಂದಿನ ಗುಂಪು ಒಳಗೆ ಬಂತು. ಧರಣೇಶ್ ಎಂದಿನಂತೆ ರಾಜನಿಂದ ಶುರು ಮಾಡಲಿಲ್ಲ. ಮುಂದೆ ನಿಂತಿದ್ದ ಹಿರಿಯರೊಬ್ಬರ ಕೈ ಹಿಡಿದು ಕಂಬದ ಹಿಂಬದಿಗೆ ಒಯ್ದರು.

“ಬನ್ನಿ ಯಜಮಾನ್ರೇ, ಇದನ್ನ ಮಾಡಿದವನು ಇಲ್ಲಿದ್ದಾನೆ.”